ಏಳು ಬಾವಿಯ ಕಾವಲು

ನಾನು ಮದ್ರಾಸಿಗೆ ಬಂದ ಮೊದಲ ವಾರ ಮನೆ ಮಾಲೀಕರ ತಾಯಿ ಕರೆದು ಹೇಳಿದ್ದು ಒಂದೇ ಮಾತು: “ತಣ್ಣಿಯ ಕಾಯ್ಚಿ ಕುಡಿಂಗ.” ಆಗ ನನಗೆ ತಮಿಳು ಬರುತ್ತಿರಲಿಲ್ಲ. ಆದರೂ ಅರ್ಥವಾಯಿತು. ಕಾಯಿಸುವುದಕ್ಕೂ ಕುಡಿಯುವುದಕ್ಕೂ ಎರಡು ಭಾಷೆಯಲ್ಲೂ ಹೆಚ್ಚುಕಮ್ಮಿ ಒಂದೇ ಮಾತು. ಮಾಮಿ ಯಾಕೆ ಅಷ್ಟು ಒತ್ತಿ ಹೇಳಿದರೆಂದು ಗೊತ್ತಾಗಲು ಮಾತ್ರ ಈ ಊರಿನ ನೀರಿನ ಹಿಂದೆ ಬಹಳ ದೂರ ಹೋಗಬೇಕಾಯಿತು.

ಮಿಂಟ್ ರಸ್ತೆಯ ಆಸುಪಾಸಿನಲ್ಲಿ ಏಳು ಕಿಣರು ಎಂಬ ಬಡಾವಣೆಯಿದೆ. ಅಂದರೆ ಏಳು ಬಾವಿ. ಸೇಂಟ್ ಜಾರ್ಜ್ ಕೋಟೆಯೊಳಗಿನ ನೀರು ಸಮುದ್ರದ ಸಹವಾಸದಿಂದ ಉಪ್ಪುಪ್ಪು. 1772ರಲ್ಲಿ ಕ್ಯಾಪ್ಟನ್ ಬೇಕರ್ ಎಂಬಾತ ಕೋಟೆಗೆ ಸಿಹಿನೀರು ಒದಗಿಸುವ ಕೆಲಸಕ್ಕೆ ಕೈಹಾಕಿ ಇಲ್ಲಿ ಹತ್ತು ಬಾವಿ ತೋಡಿಸಿದ. ಮೂರು ಕೈಕೊಟ್ಟವು, ಏಳು ಉಳಿದವು. ಅದಕ್ಕೆ ಮೂರು ವರ್ಷ ಮೊದಲು, 1769ರಲ್ಲಿ, ನಮ್ಮ ಹೈದರಾಲಿ ಮದ್ರಾಸಿನ ಬಾಗಿಲಿಗೇ ಬಂದು ನಿಂತು ಕಂಪನಿಯಿಂದ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡಿದ್ದ. ಎರಡನ್ನೂ ನಾನಾಗಿ ಗಂಟುಹಾಕುವುದಿಲ್ಲ. ಆದರೆ ಊರಲ್ಲಿ ಒಂದು ಕಥೆಯಿದೆ: ಮುಂದಿನ ಯುದ್ಧದಲ್ಲಿ ಹೈದರನ ಕಡೆಯವರು ಈ ಬಾವಿಗಳಿಗೆ ವಿಷ ಹಾಕಿಸಲು ನೋಡಿದರಂತೆ, ಬಾವಿ ಕಾಯುವವನು ಒಪ್ಪಲಿಲ್ಲವಂತೆ. ಕನ್ನಡದವನಾದ ನನಗೆ ಇದನ್ನು ನಂಬಲು ಸ್ವಲ್ಪ ಕಷ್ಟ, ಅದು ಬೇರೆ ಮಾತು. ಕೋಟೆಯವರ ನೀರಿಗೆ ಒಬ್ಬ ಕಾವಲುಗಾರನಿದ್ದ ಎಂಬುದನ್ನಷ್ಟೇ ಕಥೆಯಿಂದ ಇಟ್ಟುಕೊಳ್ಳುತ್ತೇನೆ.

ಕೋಟೆಯ ಹೊರಗಿನವರಿಗೆ ಕೆರೆ, ಮನೆಬಾವಿ, ಆಗಾಗ ಕಾಲರಾ. ಅವರ ಸರದಿ ಬರಲು ಇನ್ನೂ ನೂರು ವರ್ಷ ಬೇಕಾಯಿತು. ಎಂಜಿನಿಯರ್ ಫ್ರೇಸರ್ 1866ರಲ್ಲಿ ಸೂಚಿಸಿದ ಯೋಜನೆಯಂತೆ ತಾಮರೈಪಾಕ್ಕಂನಲ್ಲಿ ಕೊಸಸ್ತಲೈಯಾರ್ ಹೊಳೆಗೆ ಅಡ್ಡಗಟ್ಟೆ ಕಟ್ಟಿ, ನೀರನ್ನು ಚೋಳವರಂ ಕೆರೆಗೂ ಅಲ್ಲಿಂದ ಪುಳಲ್‌ಗೂ, ಅಂದರೆ ಇಂಗ್ಲಿಷರ ರೆಡ್ ಹಿಲ್ಸ್‌ಗೂ, ತಿರುಗಿಸಿದರು. 1872ರಲ್ಲಿ ಆ ನೀರು ಕೀಲ್ಪಾಕಿಗೆ ಬಂತು. ಬಂದದ್ದು ತೆರೆದ ಮಣ್ಣಿನ ಕಾಲುವೆಯಲ್ಲಿ. ದಾರಿಯಲ್ಲಿ ದನ ಮೈತೊಳೆದರೂ ಆಯಿತು, ಮಳೆಗೆ ಹೊಲದ ಕೆಸರು ಇಳಿದರೂ ಆಯಿತು, ಅದೇ ನೀರು ಸೋಸದೆ ಕೊಳವೆಗೆ ಹೋಗುತ್ತಿತ್ತು.

ಗೊತ್ತಿಲ್ಲದ ಕಾಲ ಎಂದು ಕ್ಷಮಿಸೋಣವೆಂದರೆ, ಗೊತ್ತಾದ ಮೇಲೂ ಹಾಗೆಯೇ ನಡೆಯಿತು. 1884ರಲ್ಲಿ ಕಾಕ್ ಕಲ್ಕತ್ತೆಯ ಕೆರೆಯೊಂದರ ನೀರಿನಲ್ಲೇ ಕಾಲರಾದ ರೋಗಾಣುವನ್ನು ಕಂಡಿದ್ದ. 1892ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಜನ ಕಾಲರಾಕ್ಕೆ ಬಲಿಯಾದರು. ಅದಕ್ಕೆ ಅಂಟಿಕೊಂಡಂತಿದ್ದ ಆಲ್ಟೋನಾ ಊರು ಅದೇ ಎಲ್ಬೆ ಹೊಳೆಯಿಂದ, ಅದೂ ಹ್ಯಾಂಬರ್ಗಿನ ಕೊಳೆ ಸೇರಿದ ಮೇಲಿನ ನೀರನ್ನು ಎತ್ತಿಕೊಂಡೂ ಬಹುಮಟ್ಟಿಗೆ ಪಾರಾಯಿತು. ಆಲ್ಟೋನಾದಲ್ಲಿ ನೀರನ್ನು ಮರಳಿನಲ್ಲಿ ಸೋಸುತ್ತಿದ್ದರು. ನೀರು ನಿಧಾನಕ್ಕೆ ಇಳಿಯುವಾಗ ಮರಳಿನ ಮೇಲೆ ಲೋಳೆಯಂಥ ಒಂದು ಪೊರೆ ಬೆಳೆಯುತ್ತದೆ. ರೋಗಾಣುವನ್ನು ತಡೆಯುವುದು ಮುಖ್ಯವಾಗಿ ಆ ಪೊರೆಯೇ. ಕೀಲ್ಪಾಕಿಗೆ ಇಂಥ ಮರಳಿನ ಹಾಸುಗಳು ಬಂದದ್ದು 1914ರಲ್ಲಿ, ಮೇಡ್ಲಿ ಎಂಬ ಎಂಜಿನಿಯರ್ ಕಾಲದಲ್ಲಿ. ತೆರೆದ ಕಾಲುವೆಯ ಬದಲು ಮುಚ್ಚಿದ ಗಾರೆಯ ಕಾಲುವೆಯೂ ಬಂತು.

ಆಮೇಲಿನದು ಹೆಚ್ಚಾಗಿ ನೀರು ಹುಡುಕಿದ ಚರಿತ್ರೆ: 1944ರ ಪೂಂಡಿ, 1996ರಲ್ಲಿ ಬಂದ ಕೃಷ್ಣೆ, 2004ರ ವೀರಾಣಂ, 2010ರಲ್ಲಿ ಮಿಂಜೂರಿನ ಸಮುದ್ರದ ನೀರು. ನೀರು ಸಾಲದಿದ್ದರೆ ಸರದಿಯ ಮೇಲೆ ಬಿಡಬೇಕು. ಕೆಡುವುದು ಅಲ್ಲೇ. ಕೊಳವೆ ಖಾಲಿಯಾದಾಗ ಒಳಗೆ ಒತ್ತಡವಿರುವುದಿಲ್ಲ, ಪಕ್ಕದ ಒಳಚರಂಡಿಯ ನೀರು ಬಿರುಕಿನಿಂದ ನುಸುಳುತ್ತದೆ. ಜೊತೆಗೆ ಇಲ್ಲಿ ಎಷ್ಟೋ ಮನೆಗಳಲ್ಲಿ ಬೀದಿಯ ಕೊಳವೆಗೇ ಕೈಪಂಪು ಜೋಡಿಸಿರುತ್ತಾರೆ. ನಾವೂ ಬೆಳಿಗ್ಗೆ ಎದ್ದು ಹೊಡೆದಿದ್ದೇವೆ. ಪಂಪು ಎಳೆಯುವಾಗ ಒಳ್ಳೆಯ ನೀರು ಯಾವುದು, ಕೆಟ್ಟದ್ದು ಯಾವುದು ಎಂದು ನೋಡಿ ಎಳೆಯುವುದಿಲ್ಲ.

ಕುಡಿಯುವ ನೀರಿಗೆ ನಮ್ಮಲ್ಲಿ ಐಎಸ್ 10500 ಎಂಬ ಮಾನದಂಡವಿದೆ. 100 ಮಿಲಿಲೀಟರಿನಲ್ಲಿ ಒಂದೂ ಇ-ಕೋಲೈ ಕಾಣಬಾರದು, ನಲ್ಲಿಗೆ ಬರುವಾಗಲೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎಂದೆಲ್ಲ. 2019ರ ನವೆಂಬರಿನಲ್ಲಿ ಮಾನಕ ಬ್ಯೂರೋದ ಪರೀಕ್ಷೆಯ ಫಲಿತಾಂಶ ಬಂದಾಗ ಚೆನ್ನೈನ ಹತ್ತು ಮಾದರಿಗಳಲ್ಲಿ ಒಂದೂ ಪಾಸಾಗಲಿಲ್ಲ. ಬೆಂಗಳೂರಿನದೂ ಇಲ್ಲ. ಹಾಗಾಗಿ ಊರಿನ ನೆಂಟರೆದುರು ಬೀಗಲು ಇಬ್ಬರಿಗೂ ಅವಕಾಶ ಸಿಗಲಿಲ್ಲ. ಪೂರ್ತಿ ಪಾಸಾದದ್ದು ಮುಂಬೈ ಒಂದೇ. ಇಷ್ಟು ದೊಡ್ಡ ಊರಿಗೆ ಹತ್ತು ಮಾದರಿ ಸಾಲದು ಎಂದು ನನಗೂ ಅನಿಸುತ್ತದೆ. ನನ್ನನ್ನು ಚುಚ್ಚಿದ್ದು ಬೇರೆ. ಬಾಟಲಿ, ಕ್ಯಾನುಗಳ ನೀರಿಗೆ 2001ರಲ್ಲೇ ಮಾನದಂಡ ಕಡ್ಡಾಯವಾಗಿತ್ತು. ನಲ್ಲಿಯ ನೀರಿಗೆ, ಈ ಫಲಿತಾಂಶ ಬಂದ ದಿನವೂ, ಅದು ಬರೀ ಐಚ್ಛಿಕ. ಕಾಸು ಕೊಟ್ಟು ಕೊಂಡ ನೀರು ಕೆಟ್ಟಿದ್ದರೆ ಕಾನೂನು ಹಿಡಿದು ಕೇಳಬಹುದು. ಕೈಪಂಪಿನ ಮುಂದೆ ಕೊಡ ಇಟ್ಟವರು ಯಾವ ಕಾನೂನು ಹಿಡಿದು ಕೇಳಬೇಕು?

ಈಗ ನಮ್ಮ ಮನೆಗೂ ಇಪ್ಪತ್ತು ಲೀಟರಿನ ಕ್ಯಾನು ಬರುತ್ತದೆ, ಮಾಮಿಯ ಮನೆಗೂ. ಹುಡುಗ ಅದನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತಿ ಇಳಿಸುತ್ತಾನೆ. ಮಾಮಿ ಸೀಲನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡುತ್ತಾರೆ, ಕಿತ್ತು ಹಾಕುತ್ತಾರೆ, ನೀರನ್ನು ಪಾತ್ರೆಗೆ ಬಗ್ಗಿಸಿ ಒಲೆಯ ಮೇಲೆ ಇಡುತ್ತಾರೆ.