ಹದಿನೈದು ವರ್ಷ ಪೂರೈಸಿದ ಖಾಸಗಿ ಜೀಪು ಹಾಗೂ ಎಸ್‌ಯುವಿ ವಾಹನಗಳು: ಎಂಜಿನ್ ಸಂರಕ್ಷಣೆ ಮತ್ತು ನೋಂದಣಿ ನವೀಕರಣ

ಸಾರ್ವಜನಿಕರ ಮಾಹಿತಿಗಾಗಿ

ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 41ರ ಮೇರೆಗೆ ಖಾಸಗಿ ವಾಹನದ ನೋಂದಣಿ ಪ್ರಮಾಣ ಪತ್ರವು 15 ವರ್ಷಗಳ ಅವಧಿಗೆ ಸಿಂಧುವಾಗಿರುತ್ತದೆ. ತದನಂತರ ವಾಹನವನ್ನು ತಪಾಸಣೆಗೆ ಒಳಪಡಿಸಿ, ಯೋಗ್ಯವೆಂದು ಕಂಡುಬಂದಲ್ಲಿ ಪ್ರತಿ ಬಾರಿ 5 ವರ್ಷಗಳ ಅವಧಿಗೆ ನವೀಕರಿಸಲಾಗುತ್ತದೆ. ಉದಾಹರಣೆಗೆ, ಬಿಡದಿಯಲ್ಲಿ ತಯಾರಾಗಿ 2005ರಲ್ಲಿ ನೋಂದಣಿಯಾದ ಕ್ವಾಲಿಸ್ ವಾಹನಗಳು ಮೊದಲ ನವೀಕರಣಕ್ಕೆ 2020ರಲ್ಲಿ, ಎರಡನೆಯ ನವೀಕರಣಕ್ಕೆ 2025ರಲ್ಲಿ ಬಂದಿವೆ.

ಎರಡು, ಮೂರು ಲಕ್ಷ ಕಿಲೋಮೀಟರ್ ಕ್ರಮಿಸಿದ ಡೀಸೆಲ್ ವಾಹನವು ಹಳೆಯದೆಂಬ ಒಂದೇ ಕಾರಣಕ್ಕೆ ಅಯೋಗ್ಯವಾಗುವುದಿಲ್ಲ. ಆದರೆ ನಿರ್ವಹಣೆಯಲ್ಲಿ ಲೋಪವಾಗಿದ್ದಲ್ಲಿ ಅದು ಹೊಗೆಯ ತಪಾಸಣೆಯಲ್ಲಿ ಹೊರಬೀಳುತ್ತದೆ. ಅವಧಿ ಮುಗಿಯುವ ವಾರದಲ್ಲಿ ಮಾಡಿಸುವ ಅವಸರದ ದುರಸ್ತಿಗಿಂತ, ವರ್ಷಪೂರ್ತಿ ಕೈಗೊಳ್ಳುವ ನಿರ್ವಹಣೆಯು ಕಡಿಮೆ ಖರ್ಚಿನದು. ಆದ್ದರಿಂದ ವಾಹನ ಮಾಲೀಕರು ಈ ಕೆಳಕಂಡ ಅಂಶಗಳನ್ನು ಗಮನಿಸಲು ಕೋರಲಾಗಿದೆ.

ಅ) ಎಂಜಿನ್ ಸಂರಕ್ಷಣೆ

1. ಎಂಜಿನ್ ಆಯಿಲ್: ವಾಹನದ ಕೈಪಿಡಿಯಲ್ಲಿ ಸೂಚಿಸಿದ ದರ್ಜೆಯ ಆಯಿಲನ್ನೇ ಬಳಸತಕ್ಕದ್ದು. ಸೂಚಿಸಿದ ಕಿಲೋಮೀಟರ್ ಅಥವಾ ಸೂಚಿಸಿದ ಅವಧಿ, ಇವೆರಡರಲ್ಲಿ ಯಾವುದು ಮೊದಲೋ ಆಗ ಆಯಿಲ್ ಮತ್ತು ಆಯಿಲ್ ಫಿಲ್ಟರನ್ನು ಒಟ್ಟಿಗೆ ಬದಲಾಯಿಸಬೇಕು. ಹಳೆಯ ಎಂಜಿನ್ ಸ್ವಲ್ಪ ಆಯಿಲ್ ಕುಡಿಯುವುದು ಸಹಜ. ಆದುದರಿಂದ ವಾರಕ್ಕೊಮ್ಮೆ ಸಮತಟ್ಟಾದ ನೆಲದಲ್ಲಿ ವಾಹನ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಕೆಲವು ನಿಮಿಷಗಳ ನಂತರ ಡಿಪ್‌ಸ್ಟಿಕ್‌ನಲ್ಲಿ ಮಟ್ಟವನ್ನು ನೋಡಬೇಕು. ಆಯಿಲ್ ಹಾಲು ಬೆರೆತಂತೆ ಕಂಡಲ್ಲಿ ಅದರೊಳಗೆ ನೀರು ಸೇರಿದೆ ಎಂದರ್ಥ. ಅಂತಹ ವಾಹನವನ್ನು ಚಾಲನೆ ಮಾಡಬಾರದು.

2. ಕೂಲಂಟ್: ರೇಡಿಯೇಟರ್‌ಗೆ ಕೊಳವೆ ಬಾವಿಯ ಗಡಸು ನೀರನ್ನು ತುಂಬಿದಲ್ಲಿ ಒಳಭಾಗದಲ್ಲಿ ಸುಣ್ಣದ ಪದರ ಕಟ್ಟಿ ಎಂಜಿನ್ ಕಾಯುತ್ತದೆ. ಕೈಪಿಡಿಯಂತೆ ಕೂಲಂಟ್ ಬಳಸುವುದು ಅವಶ್ಯ. ಎಂಜಿನ್ ಕಾಯುತ್ತಿದೆ ಎಂದು ಥರ್ಮೋಸ್ಟಾಟ್ ಬಿಡಿಭಾಗವನ್ನು ತೆಗೆದು ಹಾಕಿಸುವ ರೂಢಿ ಕೆಲವೆಡೆ ಇದೆ. ಇದರಿಂದ ಎಂಜಿನ್ ತಕ್ಕ ಶಾಖಕ್ಕೆ ಬಾರದೆ ಡೀಸೆಲ್ ಸರಿಯಾಗಿ ಉರಿಯುವುದಿಲ್ಲ, ಸವೆತವೂ ಹೆಚ್ಚುತ್ತದೆ. ಎಂಜಿನ್ ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳವನ್ನು ಯಾವುದೇ ಕಾರಣಕ್ಕೂ ತೆರೆಯಬಾರದು.

3. ಏರ್ ಫಿಲ್ಟರ್: ಮಣ್ಣಿನ ರಸ್ತೆಗಳಲ್ಲಿ ಸಂಚರಿಸುವ ವಾಹನಗಳ ಏರ್ ಫಿಲ್ಟರನ್ನು ಬೇಸಿಗೆಯಲ್ಲಿ ಹೆಚ್ಚು ಬಾರಿ ಪರೀಕ್ಷಿಸಬೇಕು. ಫಿಲ್ಟರ್ ಕಟ್ಟಿಕೊಂಡಲ್ಲಿ ಕಪ್ಪು ಹೊಗೆ ಬರುತ್ತದೆ. ಫಿಲ್ಟರ್ ಹರಿದಿದ್ದಲ್ಲಿ ಅಥವಾ ಅದರ ಅಂಚು ಸರಿಯಾಗಿ ಕೂರದಿದ್ದಲ್ಲಿ ಧೂಳು ಒಳಸೇರಿ ಪಿಸ್ಟನ್ ರಿಂಗ್‌ಗಳನ್ನು ಸವೆಸುತ್ತದೆ.

4. ಡೀಸೆಲ್ ಫಿಲ್ಟರ್: ಫಿಲ್ಟರ್‌ನ ತಳದಲ್ಲಿ ಶೇಖರವಾಗುವ ನೀರನ್ನು ನಿಯತವಾಗಿ ಹೊರಬಿಡಬೇಕು. ನೀರು ಮುಂದೆ ಸಾಗಿದಲ್ಲಿ ಪಂಪ್ ಮತ್ತು ಇಂಜೆಕ್ಟರ್‌ಗಳು ತುಕ್ಕು ಹಿಡಿಯುತ್ತವೆ. ಇವು ಅತ್ಯಂತ ದುಬಾರಿ ಬಿಡಿಭಾಗಗಳಾಗಿವೆ.

5. ಟೈಮಿಂಗ್ ಬೆಲ್ಟ್: ಎಲ್ಲ ಎಂಜಿನ್‌ಗಳಲ್ಲಿ ಬೆಲ್ಟ್ ಇರುವುದಿಲ್ಲ, ಕೆಲವುಗಳಲ್ಲಿ ಚೈನ್ ಅಥವಾ ಗಿಯರ್ ಇರುತ್ತದೆ. ಬೆಲ್ಟ್ ಇದ್ದಲ್ಲಿ ಕೈಪಿಡಿ ಸೂಚಿಸಿದ ಕಿಲೋಮೀಟರಿಗೆ ತಪ್ಪದೆ ಬದಲಾಯಿಸಬೇಕು. ಚಾಲನೆಯಲ್ಲಿ ಬೆಲ್ಟ್ ತುಂಡಾದಲ್ಲಿ ಡೀಸೆಲ್ ಎಂಜಿನ್‌ನ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಇಡೀ ಎಂಜಿನ್ ಬಿಚ್ಚಿಸಬೇಕಾಗಬಹುದು. ಹಳೆಯ ವಾಹನ ಖರೀದಿಸಿದವರು, ಹಿಂದಿನ ಬದಲಾವಣೆಯ ದಾಖಲೆ ಇಲ್ಲದಿದ್ದಲ್ಲಿ, ಬೆಲ್ಟ್ ಬದಲಾಗಿಲ್ಲವೆಂದೇ ಭಾವಿಸುವುದು ಕ್ಷೇಮ.

6. ಟರ್ಬೋ: ಶಿರಾಡಿ, ಚಾರ್ಮಾಡಿ ಮುಂತಾದ ಘಾಟಿಗಳನ್ನು ಏರಿದ ಕೂಡಲೇ ಎಂಜಿನ್ ಬಂದ್ ಮಾಡದೆ, ಒಂದೆರಡು ನಿಮಿಷ ನಿಧಾನ ಗತಿಯಲ್ಲಿ ಚಾಲನೆಯಲ್ಲಿಡಬೇಕು. ಇಳಿಜಾರಿನಲ್ಲಿ ನ್ಯೂಟ್ರಲ್‌ನಲ್ಲಿ ಚಲಿಸುವುದು ಅಪಾಯಕಾರಿ.

ಆ) ಹೊಗೆಯ ಬಣ್ಣದಿಂದ ದೋಷ ತಿಳಿಯುವ ಬಗೆ

1. ಕಪ್ಪು ಹೊಗೆ: ಗಾಳಿಯ ಕೊರತೆ ಅಥವಾ ಹೆಚ್ಚುವರಿ ಡೀಸೆಲ್. ಮೊದಲು ಏರ್ ಫಿಲ್ಟರ್, ನಂತರ ಇಂಜೆಕ್ಟರ್ ಪರೀಕ್ಷಿಸಬೇಕು.
2. ನೀಲಿ ಹೊಗೆ: ಎಂಜಿನ್ ಆಯಿಲ್ ಉರಿಯುತ್ತಿದೆ. ಪಿಸ್ಟನ್ ರಿಂಗ್, ವಾಲ್ವ್ ಸೀಲ್ ಅಥವಾ ಟರ್ಬೋ ಸವೆದಿರಬಹುದು.
3. ಬಿಳಿ ಹೊಗೆ: ಚಳಿಯ ಮುಂಜಾನೆ ಸ್ವಲ್ಪ ಹೊತ್ತು ಬಂದು ನಿಂತಲ್ಲಿ ಆತಂಕವಿಲ್ಲ. ಎಂಜಿನ್ ಬಿಸಿಯಾದ ಮೇಲೂ ಮುಂದುವರಿದು, ಕೂಲಂಟ್ ಕಡಿಮೆಯಾಗುತ್ತಿದ್ದಲ್ಲಿ ಹೆಡ್ ಗ್ಯಾಸ್ಕೆಟ್ ದೋಷದ ಸಂಭವವಿದೆ.

ನೀಲಿ ಹೊಗೆ ಕಂಡ ಮಾತ್ರಕ್ಕೆ ಎಂಜಿನ್ ಬಿಚ್ಚಿಸಲು ಒಪ್ಪಬಾರದು. ಮೊದಲು ಕಂಪ್ರೆಷನ್ ಪರೀಕ್ಷೆ ಮಾಡಿಸಿ, ಪ್ರತಿ ಸಿಲಿಂಡರ್‌ನ ಅಂಕಿಗಳನ್ನು ಲಿಖಿತವಾಗಿ ಪಡೆಯುವುದು ಸೂಕ್ತ.

ಇ) ಹೊಗೆ ತಪಾಸಣೆ

ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 115ರಂತೆ ಡೀಸೆಲ್ ವಾಹನದ ಹೊಗೆ ಸಾಂದ್ರತೆಯು ಭಾರತ್ ಸ್ಟೇಜ್ 4ಕ್ಕಿಂತ ಹಿಂದಿನ ವಾಹನಗಳಿಗೆ 65 ಹಾರ್ಟ್ರಿಜ್ ಘಟಕಗಳನ್ನು, ಭಾರತ್ ಸ್ಟೇಜ್ 4ರ ವಾಹನಗಳಿಗೆ 50 ಘಟಕಗಳನ್ನು ಮೀರುವಂತಿಲ್ಲ. ಈ ಪರೀಕ್ಷೆಯಲ್ಲಿ ಆಕ್ಸಿಲರೇಟರನ್ನು ಪೂರ್ಣವಾಗಿ ಒತ್ತಿ ಎಂಜಿನ್ ವೇಗವನ್ನು ಗರಿಷ್ಠ ಮಟ್ಟಕ್ಕೆ ಒಯ್ಯಲಾಗುತ್ತದೆ. ಆದ ಕಾರಣ ತಪಾಸಣೆಗೆ ಮುನ್ನ ಆಯಿಲ್ ಮಟ್ಟ ಮತ್ತು ಟೈಮಿಂಗ್ ಬೆಲ್ಟ್‌ನ ಸ್ಥಿತಿಯನ್ನು ಖಾತರಿ ಮಾಡಿಕೊಳ್ಳಬೇಕು. ತಣ್ಣಗಿನ ಎಂಜಿನ್ ಹೆಚ್ಚು ಹೊಗೆ ಉಗುಳುವುದರಿಂದ, ವಾಹನವನ್ನು ಕೆಲವು ಕಿಲೋಮೀಟರ್ ಓಡಿಸಿ ಬಿಸಿ ಮಾಡಿಕೊಂಡು ಕೇಂದ್ರಕ್ಕೆ ತರತಕ್ಕದ್ದು.

ತಪಾಸಣೆಯ ದಿನಕ್ಕಾಗಿ ಮಾತ್ರ ಡೀಸೆಲ್ ಪಂಪನ್ನು ಬಿಗಿಗೊಳಿಸಿ, ಮರುದಿನ ಸಡಿಲಿಸುವುದರಿಂದ ದೋಷ ನಿವಾರಣೆಯಾಗುವುದಿಲ್ಲ. ಆ ಹೊಗೆಯನ್ನು ಮೊದಲು ಸೇವಿಸುವವರು ಹಿಂದೆ ಬರುವ ದ್ವಿಚಕ್ರ ವಾಹನ ಸವಾರರು ಮತ್ತು ಪಾದಚಾರಿಗಳು ಎಂಬುದನ್ನು ಮಾಲೀಕರು ಮರೆಯಬಾರದು.

ಈ) ಎಂಜಿನ್ ಬದಲಾವಣೆ

ಹಳೆಯ ಎಂಜಿನ್ ತೆಗೆದು ಗುಜರಿಯಿಂದ ತಂದ ಎಂಜಿನ್ ಅಳವಡಿಸಿದಲ್ಲಿ, ನೋಂದಣಿ ಪ್ರಮಾಣ ಪತ್ರದಲ್ಲಿನ ಎಂಜಿನ್ ಸಂಖ್ಯೆಗೂ ವಾಹನದಲ್ಲಿನ ಸಂಖ್ಯೆಗೂ ತಾಳೆಯಾಗದೆ ನವೀಕರಣಕ್ಕೆ ತಡೆಯುಂಟಾಗುತ್ತದೆ. ಕಳವಿನ ಎಂಜಿನ್ ಆಗಿದ್ದಲ್ಲಿ ಮಾಲೀಕರೇ ಕಾನೂನು ಕ್ರಮ ಎದುರಿಸಬೇಕಾಗಬಹುದು. ಆದ್ದರಿಂದ ಬದಲಾವಣೆಗೆ ಮುನ್ನ ನೋಂದಣಿ ಪ್ರಾಧಿಕಾರವನ್ನು ಸಂಪರ್ಕಿಸತಕ್ಕದ್ದು. ಪೂರ್ವಾನುಮತಿ ಇಲ್ಲದೆ ಎಂಜಿನ್ ಬದಲಾಗಿದ್ದಲ್ಲಿ ಅಧಿನಿಯಮದ ಪ್ರಕರಣ 52ರಂತೆ 14 ದಿನಗಳೊಳಗೆ ವರದಿ ಮಾಡಬೇಕು. ಖರೀದಿ ರಸೀದಿಯನ್ನು ಜೋಪಾನವಾಗಿಡಬೇಕು.

ಉ) ನವೀಕರಣಕ್ಕೆ ಅರ್ಜಿ

1. ನಮೂನೆ 25ರಲ್ಲಿ, ನೋಂದಣಿಯ ಅವಧಿ ಮುಗಿಯುವ ಮುಂಚಿನ 60 ದಿನಗಳೊಳಗೆ ಅರ್ಜಿ ಸಲ್ಲಿಸಬಹುದು.
2. ನೋಂದಣಿ ಪ್ರಮಾಣ ಪತ್ರ, ಚಾಲ್ತಿಯಲ್ಲಿರುವ ವಿಮೆ, ವಾಯು ಮಾಲಿನ್ಯ ನಿಯಂತ್ರಣ ಪ್ರಮಾಣ ಪತ್ರ ಹಾಗೂ ತೆರಿಗೆ ಪಾವತಿಯ ದಾಖಲೆಗಳನ್ನು ಹಾಜರುಪಡಿಸಬೇಕು.
3. ಶುಲ್ಕವು ವಾಹನದ ವರ್ಗ ಮತ್ತು ವಯಸ್ಸನ್ನು ಅವಲಂಬಿಸಿರುತ್ತದೆ. ಪಾವತಿಗೆ ರಸೀದಿ ಪಡೆಯತಕ್ಕದ್ದು.
4. ವಾಹನವನ್ನು ಖುದ್ದಾಗಿ ತಪಾಸಣೆಗೆ ಹಾಜರುಪಡಿಸಬೇಕು. ಎಂಜಿನ್ ಮತ್ತು ಛಾಸಿ ಸಂಖ್ಯೆಗಳು ಓದಲು ಬರುವಂತೆ ಮಣ್ಣು, ಜಿಡ್ಡು ತೆಗೆದಿರಬೇಕು.

ದುರಸ್ತಿಯ ವೆಚ್ಚವು ವಾಹನದ ಬೆಲೆಯನ್ನೇ ಮೀರುವಂತಿದ್ದಲ್ಲಿ, ವಾಹನವನ್ನು ನೋಂದಾಯಿತ ಗುಜರಿ ಕೇಂದ್ರಕ್ಕೆ ಒಪ್ಪಿಸಿ ಠೇವಣಿ ಪ್ರಮಾಣ ಪತ್ರ ಪಡೆಯಲು 2021ರ ನಿಯಮಗಳಲ್ಲಿ ಅವಕಾಶವಿದೆ.

ಸೂಚನೆ: ಈ ಮಾಹಿತಿಯು ಖಾಸಗಿ ವಾಹನಗಳಿಗೆ ಮಾತ್ರ ಅನ್ವಯಿಸುತ್ತದೆ. ಹಳದಿ ಫಲಕದ ವಾಹನಗಳಿಗೆ ಅರ್ಹತಾ ಪತ್ರದ ನಿಯಮಗಳು ಪ್ರತ್ಯೇಕವಾಗಿವೆ. ಅರ್ಜಿದಾರರು ಮಧ್ಯವರ್ತಿಗಳನ್ನು ಅವಲಂಬಿಸದೆ ನೇರವಾಗಿ ಕಚೇರಿಯನ್ನು ಸಂಪರ್ಕಿಸಲು ಕೋರಲಾಗಿದೆ.