"ಗಟ್ಟಿ ಹಿಡಿ" ಅನ್ನೋ ಮಾತು ಎಲ್ಲಿಂದ ಬಂತು?

ಹುಮನಾಬಾದ ವೀರಭದ್ರೇಶ್ವರ ಜಾತ್ರ್ಯಾಗ ಬಲೂನ್ ಹೊಡಿಯೋ ಅಂಗಡಿ ಮುಂದ ನಿಂತವರು ಈ ಮಾತು ಕೇಳೇ ಇರ್ತೀರಿ: "ಗಟ್ಟಿ ಹಿಡಿ, ಭುಜಕ್ಕ ಒತ್ತಿ ಹಿಡಿ." ನಮ್ಮ ಅಳಿಯ ಹೋದ ವರ್ಷ ಸ್ಪ್ರಿಂಗ್ ಏರ್‌ಗನ್ ತಂದಾಗ ನಾನೂ ಅದನ್ನೇ ಹೇಳಿದೆ. ಹತ್ತು ಹೆಜ್ಜಿ ದೂರದ ಡಬ್ಬಿಗೆ ಒಂದು ಗುಂಡು ಎಡಕ್ಕ, ಒಂದು ಮ್ಯಾಲ. "ಮಾಮಾ, ನಳಿಗಿನೇ ಸೊಟ್ಟ ಅದ, ಮಾರಿಬಿಡ್ತೀನಿ" ಅಂದ. ನಳಿಗಿ ನೆಟ್ಟಗೇ ಇತ್ತು. ಸೊಟ್ಟ ಇದ್ದದ್ದು ನನ್ನ ಮಾತು.

ನಮ್ಮ ಹಿರಿಯರ ಕಾಲಕ್ಕ ಜ್ವಾಳ ಹಾಲುತೆನಿಗೆ ಬಂದ್ರ ಮಂಚಿಗಿ ಹತ್ತಿ ಕವಣಿ ಬೀಸೋದು, ಅಷ್ಟೇ. ಬಂದೂಕು ಅಂದ್ರ ಮದ್ದಿನದು, ಅದೂ ಲೈಸೆನ್ಸ್ ಇದ್ದ ದೊಡ್ಡ ಮನಿಯಾಗ. ಬೀದರ ಕೋಟಿ ತೋಪು ನೋಡಿದವರಿಗೆ ಗೊತ್ತು, ಮದ್ದು ಈ ನೆಲಕ್ಕ ಹೊಸದಲ್ಲ. ಮದ್ದಿನ ಬಂದೂಕು ಹಿಂದಕ್ಕ ಒದೀತದ, ಸಡ್ಲ ಹಿಡಿದ್ರ ಭುಜ ಹೋಗ್ತದ. "ಗಟ್ಟಿ ಹಿಡಿ" ಅನ್ನೋದು ಆ ಬಂದೂಕಿನ ಬುದ್ಧಿವಾದ.

ಸ್ಪ್ರಿಂಗ್ ಗನ್ನಿನ ವಂಶನೇ ಬ್ಯಾರೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಲಿಂಕನ್ ಜೆಫ್ರೀಸ್ 1904ರಾಗ ಪೇಟೆಂಟ್ ಮಾಡಿಸಿದ ನಮೂನಿಯನ್ನ ಅಲ್ಲಿನ ಬಿಎಸ್‌ಎ ಕಾರ್ಖಾನಿ 1905ರಿಂದ ತಯಾರಿಸಿತು. ನಳಿಗಿ ಅಲುಗಾಡಬಾರ್ದು ಅಂತ ಅದನ್ನ ಖಾಯಂ ಕೂಡಿಸಿ, ಸ್ಪ್ರಿಂಗ್ ಎಳಿಯೋ ಹಿಡಿಕಿ ಕೆಳಗಿಟ್ಟಿದ್ರು. ಇವತ್ತಿನ ನಳಿಗಿ ಮುರಿಯೋ ಗನ್ನಿನಾಗೂ ಒಳಗಿನ ಕೆಲಸ ಅದೇ. ಟ್ರಿಗರ್ ಒತ್ತಿದ್ರ ಸ್ಪ್ರಿಂಗು ಪಿಸ್ಟನ್ ಮುಂದಕ್ಕ ದೂಡ್ತದ, ಗನ್ನು ಹಿಂದಕ್ಕ ಸರೀತದ. ಪಿಸ್ಟನ್ ಒತ್ತಿದ ಗಾಳಿಗೆ ಬಡ್ದು ನಿಂತ್ರ ಗನ್ನು ಮತ್ತ ಮುಂದಕ್ಕ ಜಗ್ತದ. ಈ ಕುಣಿತ ಸುರುವಾದಾಗ ಗುಂಡಿನ್ನೂ ಒಳಗೇ ಇರ್ತದ. ಬಿಗಿ ಹಿಡಿದ ಕೈ ಒಂದೊಂದು ಸಲ ಒಂದೊಂದು ಥರ ತಡೀತದ, ಗುಂಡು ಒಂದೊಂದು ಕಡಿ ಹೋಗ್ತದ.

ಅದಕ್ಕ ಎಡ ಅಂಗೈ ತಟ್ಟಿ ಹಂಗ ಬಿಚ್ಚಿ ಗನ್ನು ಅದರ ಮ್ಯಾಲ ಇಡ್ರಿ, ಬೆರಳಿನಿಂದ ಹಿಡೀಬ್ಯಾಡ್ರಿ. ಭುಜಕ್ಕ ಬರೇ ತಾಗಿರಲಿ. ಕಲ್ಲು, ಕಟ್ಟಿ ಮ್ಯಾಲ ನೇರ ಇಟ್ರ ಪುಟೀತದ, ನಡುವ ನಿಮ್ಮ ಕೈ ಇರಲಿ. ಗುಂಡು ಹೋದ ಮ್ಯಾಲೂ ಒಂದು ಉಸುರಿನ ತನಕ ಗುರಿ ಬಿಡಬ್ಯಾಡ್ರಿ. ಖಾಲಿ ಗನ್ ಹೊಡೀಬ್ಯಾಡ್ರಿ, ತಡಿಯೋ ಗಾಳಿ ಇಲ್ದ ಪಿಸ್ಟನ್ ಬಡ್ದು ಒಳಗ ಹಾಳಾಗ್ತದ. ಗುಂಡು ತುಂಬುವಾಗ ನಳಿಗಿ ಕೈಯಾಗ ಗಟ್ಟಿ ಇರಲಿ. ಗಟ್ಟಿ ಹಿಡಿಯೋದು ಇಲ್ಲೊಂದೇ ಕಡಿ, ಇಲ್ಲಾಂದ್ರ ಬೆರಳು ಹೋದಾವು.

2016ರ ಆಯುಧ ನಿಯಮದ ಪ್ರಕಾರ 4.5 ಮಿ.ಮೀ. ಒಳಗಿನ, 20 ಜೂಲ್ ಮೀರದ ಏರ್‌ಗನ್ನಿಗೆ ಲೈಸೆನ್ಸ್ ಬೇಕಿಲ್ಲ. ಹಂಗಂತ ತೊಗರಿಗೆ ಬಂದ ನವಿಲಿಗೆ, ಗಿಳಿಗೆ ಎತ್ತಿದ್ರೋ, 1972ರ ವನ್ಯಜೀವಿ ಕಾಯ್ದೆ ಅದ, ಕೇಸು ಬೀಳ್ತದ. ಹಕ್ಕಿ ಎಬ್ಬಿಸಾಕ ಡಬ್ಬಿ ಬಾರಿಸೋದು ಇನ್ನೂ ಸಾಕಾಗ್ತದ.

ಸಡ್ಲ ಹಿಡಿದ ಮ್ಯಾಲ ಅಳಿಯನ ಐದು ಗುಂಡಿನಾಗ ನಾಕು ಡಬ್ಬಿಗೆ ಬಿದ್ದವು. ಈಗ ಗನ್ ಮಾರಂಗಿಲ್ಲ ಅಂತಾನ. ಗುಂಡಿನ ಡಬ್ಬಿ ಮಾತ್ರ ನನ್ನ ಕಪಾಟಿನಾಗ ಅದ.