ನೆಕಾರ್ ದಂಡೆಯಿಂದ ರೈನ್ ದಂಡೆಗೆ: ಕನ್ನಡಿಗರು ನೋಡಬೇಕಾದ ಜರ್ಮನ್ ನಾಡು



ಬೈರಮಂಗಲದಿಂದ ಬಿಡದಿಯ ದಾರಿ ಹಿಡಿದರೆ ಕೆಲವೇ ಕಿಲೋಮೀಟರುಗಳಲ್ಲಿ ಕೈಗಾರಿಕಾ ಪ್ರದೇಶ ಎದುರಾಗುತ್ತದೆ. ಅಲ್ಲಿನ ಕಾರ್ಖಾನೆಗಳಲ್ಲಿ ಒಂದು ಬಾಷ್ ಸಂಸ್ಥೆಯದು. ರಾಬರ್ಟ್ ಬಾಷ್ ಎಂಬುವರು 1886ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ತೆರೆದ ಸಣ್ಣದೊಂದು ಕಾರ್ಯಾಗಾರ ಬೆಳೆದು, 1951ರಲ್ಲಿ ಸ್ಥಾಪನೆಯಾದ ಮೈಕೋ ಕಂಪನಿಯ ಮೂಲಕ ಬೆಂಗಳೂರಿಗೆ ಬಂತು. 2015ರಲ್ಲಿ ಬಿಡದಿಗೂ ಬಂತು. ಹೀಗಾಗಿ ರಾಮನಗರದ ಸೀಮೆಯ ಹುಡುಗರಿಗೆ ಸ್ಟುಟ್‌ಗಾರ್ಟ್ ಎಂಬುದು ಭೂಪಟದಲ್ಲಿ ಹುಡುಕಬೇಕಾದ ಹೆಸರಾಗಿ ಉಳಿದಿಲ್ಲ. ಓದಿಗೆ, ತರಬೇತಿಗೆ, ಕೆಲಸಕ್ಕೆ ಅತ್ತ ಹೋಗಿಬರುವವರು ಈಗ ನಮ್ಮ ನಡುವೆಯೇ ಇದ್ದಾರೆ.

ಹೊರಡುವವರು ಕೇಳುವ ಪ್ರಶ್ನೆಗಳು ಎರಡು. ಅಲ್ಲಿ ಏನು ನೋಡಬೇಕು? ಹೇಗೆ ಓಡಾಡಬೇಕು? ಪ್ರವಾಸಿ ಕೈಪಿಡಿಗಳು ಇದಕ್ಕೆ ಸಿದ್ಧ ಉತ್ತರ ಕೊಡುತ್ತವೆ: ಬೆಟ್ಟದ ಮೇಲಿನ ಅರಮನೆಗಳು, ಹಿಮದ ಶಿಖರಗಳು, ಗಡಿಯಾರದ ಅಂಗಡಿಗಳು. ಅವು ಸುಂದರವಾಗಿಯೇ ಇವೆ; ನೋಡಬೇಡಿ ಎಂದು ನಾನು ಹೇಳಲಾರೆ. ಆದರೆ ಕನ್ನಡ ಓದುವ ವಿದ್ಯಾರ್ಥಿಗೆ, ಅದರಲ್ಲೂ ಬೈರಮಂಗಲದಂತಹ ಊರಿನಿಂದ ಹೋಗುವವರಿಗೆ, ಅರಮನೆಗಳಿಗಿಂತ ಎರಡು ನದಿಗಳ ದಂಡೆಗಳನ್ನು ನೋಡಲು ಹೇಳುತ್ತೇನೆ. ಒಂದು ಸ್ಟುಟ್‌ಗಾರ್ಟಿನ ಪಕ್ಕ ಹರಿಯುವ ನೆಕಾರ್. ಇನ್ನೊಂದು, ಆ ನೆಕಾರ್ ಹೋಗಿ ಸೇರುವ ರೈನ್. ನಮ್ಮ ಭಾಷೆಯ ಚರಿತ್ರೆಯ ಒಂದು ಭಾಗ ಆ ದಂಡೆಗಳಲ್ಲಿದೆ. ನಮ್ಮ ಹೊಳೆಯ ಭವಿಷ್ಯಕ್ಕೆ ಸಂಬಂಧಿಸಿದ ಒಂದು ಕಥೆಯೂ ಅಲ್ಲಿದೆ.

ಮೊದಲು ಚರಿತ್ರೆ. ಕನ್ನಡ ನಾಡಿನಿಂದ ಜರ್ಮನ್ ಮಾತಾಡುವ ಊರಿಗೆ ಓದಲು ಹೋದ ತೀರಾ ಮೊದಲಿನವರಲ್ಲಿ ಒಬ್ಬರು ಮಂಗಳೂರಿನ ಆನಂದರಾವ್ ಕೌಂಡಿನ್ಯ. 1825ರಲ್ಲಿ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದವರು. 1837ರ ಏಪ್ರಿಲಿನಲ್ಲಿ ಕೊಡಗು ಮತ್ತು ತುಳುನಾಡಿನ ರೈತರು ಕಂಪನಿ ಸರ್ಕಾರದ ವಿರುದ್ಧ ಎದ್ದು ಮಂಗಳೂರನ್ನು ಕೆಲವು ದಿನ ಹಿಡಿದಿಟ್ಟುಕೊಂಡಾಗ ಇವರಿನ್ನೂ ಹುಡುಗ. ಬಾಸೆಲ್ ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದಿದರು. 1844ರ ಜನವರಿಯಲ್ಲಿ ಕ್ರೈಸ್ತ ಮತಕ್ಕೆ ಸೇರಿದರು. ತಮ್ಮ ಗುರು ಹರ್ಮನ್ ಮೋಗ್ಲಿಂಗ್ ಅವರ ಹೆಸರು ಇವರ ಹೆಸರಿನ ಮುಂದೆ ಬಂದು, ಹರ್ಮನ್ ಆನಂದರಾವ್ ಕೌಂಡಿನ್ಯ ಎನಿಸಿಕೊಂಡರು. ಮತಾಂತರದ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಏನೇ ಇರಲಿ, ಆ ವಯಸ್ಸಿನಲ್ಲಿ ಆ ಯುವಕ ತೆತ್ತ ಬೆಲೆಯನ್ನು ಗಮನಿಸಬೇಕು. ಸಮುದ್ರ ದಾಟಿದರೇ ಜಾತಿ ಕೆಟ್ಟಿತೆಂದು ಎಣಿಸುತ್ತಿದ್ದ ಕಾಲ ಅದು. ಅವರು ಮತವನ್ನೂ ಬಿಟ್ಟರು, ಸಮುದ್ರವನ್ನೂ ದಾಟಿದರು.

1846ರಲ್ಲಿ ಅವರು ಮೋಗ್ಲಿಂಗ್ ಅವರ ಜೊತೆ ಬಾಸೆಲ್ ತಲುಪಿದರು. ಇಂದು ಬೆಂಗಳೂರಿನಲ್ಲಿ ವಿಮಾನ ಹತ್ತಿದರೆ ಒಂದೇ ದಿನದೊಳಗೆ ಮುಗಿಯುವ ಪ್ರಯಾಣ ಆಗ ಹೇಗಿತ್ತೆಂದು ಊಹಿಸಿ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮುಂಚೆ ಭಾರತದಿಂದ ಹೋಗುವವರಿಗೆ ಎರಡೇ ದಾರಿ. ಆಫ್ರಿಕಾ ಖಂಡವನ್ನು ಪೂರ್ತಿ ಸುತ್ತಿಕೊಂಡು ತಿಂಗಳುಗಟ್ಟಲೆ ಹಾಯಿಹಡಗಿನಲ್ಲಿ ಹೋಗುವುದು ಒಂದು. ಮುಂಬಯಿಯಿಂದ ಉಗಿಹಡಗಿನಲ್ಲಿ ಏಡನ್ ಮಾರ್ಗವಾಗಿ ಸೂಯೆಜಿಗೆ ಹೋಗಿ ಇಳಿದು, ಮರುಭೂಮಿಯನ್ನು ಕುದುರೆ ಗಾಡಿಯಲ್ಲಿ ದಾಟಿ ಕೈರೋ ಸೇರಿ, ನೈಲ್ ನದಿಯಲ್ಲಿ ಅಲೆಕ್ಸಾಂಡ್ರಿಯಕ್ಕೆ ಹೋಗಿ ಮತ್ತೆ ಹಡಗು ಹತ್ತುವುದು ಇನ್ನೊಂದು. ಸಾಮಾನು ಸರಂಜಾಮು ಒಂಟೆಗಳ ಬೆನ್ನ ಮೇಲೆ ಬರುತ್ತಿತ್ತು.

ಬಾಸೆಲ್ ಇರುವುದು ಜರ್ಮನಿಯಲ್ಲಲ್ಲ, ಸ್ವಿಟ್ಜರ್ಲೆಂಡಿನಲ್ಲಿ. ಜರ್ಮನಿ, ಫ್ರಾನ್ಸ್, ಸ್ವಿಟ್ಜರ್ಲೆಂಡ್ ಮೂರೂ ಕೂಡುವ ಮೂಲೆಯಲ್ಲಿ, ರೈನ್ ನದಿ ಉತ್ತರಕ್ಕೆ ತಿರುಗುವ ಬಾಗಿನಲ್ಲಿದೆ. ಊರಿನವರು ಆಡುವುದು ಜರ್ಮನ್ ಭಾಷೆಯ ಒಂದು ಒಳನುಡಿ. 1844ರಲ್ಲಿ ಸ್ಟ್ರಾಸ್‌ಬೂರ್ಗಿನ ಕಡೆಯಿಂದ ರೈಲು ಅಲ್ಲಿಗೆ ಬಂದಿತ್ತು; ಸ್ವಿಸ್ ನೆಲಕ್ಕೆ ಬಂದ ಮೊದಲ ರೈಲು ಅದು. ಊರಿನ ಸುತ್ತ ಇನ್ನೂ ಕೋಟೆಗೋಡೆ ಇತ್ತು. ರೈಲು ಒಳಬರಲು ಗೋಡೆಯಲ್ಲಿ ಬಾಗಿಲು ಕೊರೆದರು. ರಾತ್ರಿಯಾದರೆ ಆ ಬಾಗಿಲನ್ನು ಹಾಕಿಬಿಡುತ್ತಿದ್ದರು! ಹೊಸ ಕಾಲ ಬೇಕು, ಆದರೆ ಹಳೆಯ ಅಗುಳಿಯೂ ಇರಲಿ ಎಂಬ ಬಾಸೆಲಿನವರ ಬುದ್ಧಿ ನಮಗೆ ಅಪರಿಚಿತವೇನಲ್ಲ.

ಕೌಂಡಿನ್ಯರು ಅಲ್ಲಿದ್ದ ಐದು ವರ್ಷಗಳು ಯೂರೋಪಿನಲ್ಲಿ ಸಾಮಾನ್ಯ ವರ್ಷಗಳಲ್ಲ. 1847ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಒಂದು ಸಣ್ಣ ಅಂತರ್ಯುದ್ಧ ನಡೆಯಿತು. 1848ರಲ್ಲಿ ಆ ದೇಶ ಹೊಸ ಸಂವಿಧಾನ ಪಡೆದು ಒಕ್ಕೂಟವಾಯಿತು. ಅದೇ ವರ್ಷ ಮತ್ತು ಮರುವರ್ಷ ನದಿಯಾಚೆಯ ಬಾಡೆನ್ ಪ್ರಾಂತದಲ್ಲಿ ಕ್ರಾಂತಿಯಾಗಿ, ಸೈನ್ಯ ಬಂದು ಅದನ್ನು ಅಡಗಿಸಿತು. ಮಂಗಳೂರಿನ ಬಂಡಾಯದ ಕಾಲದ ಹುಡುಗ ಯುವಕನಾಗಿ ಬಾಸೆಲಿನಲ್ಲಿದ್ದದ್ದು ಈ ದಿನಗಳಲ್ಲಿ. 1851ರಲ್ಲಿ ಪಾದ್ರಿಯಾಗಿ ದೀಕ್ಷೆ ಪಡೆದು ಊರಿಗೆ ಹಿಂದಿರುಗಿದರು. ಭಾರತದಲ್ಲಿ ಮೊದಲ ಪ್ರಯಾಣಿಕ ರೈಲು ಮುಂಬಯಿಯಿಂದ ಠಾಣೆಗೆ ಓಡಿದ್ದು 1853ರಲ್ಲಿ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಮುಂದೆ 1860ರಲ್ಲಿ ಜರ್ಮನ್ ಮಹಿಳೆಯೊಬ್ಬರನ್ನು ಮದುವೆಯಾದರು. ಕೊಡಗಿನ ಆನಂದಪುರಕ್ಕೆ ಆ ಹೆಸರು ಬಂದದ್ದು ಇವರಿಂದಲೇ.

ಈಗ ನೀವು ಹೊರಟಿರಿ ಎಂದಿಟ್ಟುಕೊಳ್ಳೋಣ. ಸ್ಟುಟ್‌ಗಾರ್ಟಿನಲ್ಲಿ ಇಳಿದಿದ್ದೀರಿ. ಅಲ್ಲಿನ ರೈಲು ನಿಲ್ದಾಣಗಳಲ್ಲಿ ನಮ್ಮ ಮೆಟ್ರೋದಲ್ಲಿರುವಂತೆ ತಡೆಗೇಟುಗಳಿಲ್ಲ. ಯಾರು ಬೇಕಾದರೂ ನೇರವಾಗಿ ನಡೆದು ಗಾಡಿಯಲ್ಲಿ ಕೂರಬಹುದು. ಇದನ್ನು ಕಂಡು ಹೊಸಬರು ಮೋಸಹೋಗುತ್ತಾರೆ. ತಪಾಸಣೆಯವರು ಯಾವಾಗ ಬರುತ್ತಾರೆಂದು ಹೇಳಲಾಗದು. ಟಿಕೆಟ್ ಇಲ್ಲದಿದ್ದರೆ 60 ಯೂರೋ ದಂಡ. ಕೆಲವು ಕಡೆ ಟಿಕೆಟ್ ಕೊಂಡರಷ್ಟೇ ಸಾಲದು, ಹತ್ತುವ ಮುನ್ನ ಯಂತ್ರಕ್ಕೆ ತೋರಿಸಿ ಅದರ ಮೇಲೆ ಮುದ್ರೆ ಹಾಕಿಸಬೇಕು. ಹೆಚ್ಚು ದಿನ ಇರುವವರಿಗೆ 2023ರ ಮೇ ತಿಂಗಳಿಂದ ಒಂದು ಅನುಕೂಲವಾಗಿದೆ. ತಿಂಗಳ ಚೀಟಿಯೊಂದನ್ನು ಪಡೆದರೆ ದೇಶದ ಎಲ್ಲ ಪ್ರಾದೇಶಿಕ ರೈಲು, ಟ್ರಾಮ್, ನಗರ ಬಸ್ಸುಗಳಲ್ಲಿ ಓಡಾಡಬಹುದು. ಆರಂಭದಲ್ಲಿ ಅದರ ಬೆಲೆ 49 ಯೂರೋ ಇತ್ತು, ಆಮೇಲೆ ಏರಿದೆ. ದೂರದ ವೇಗದ ರೈಲುಗಳಿಗೆ ಇದು ನಡೆಯುವುದಿಲ್ಲ. ಇನ್ನು, ಜರ್ಮನ್ ರೈಲು ಎಂದರೆ ಗಡಿಯಾರದ ಮುಳ್ಳು ಎಂಬ ನಂಬಿಕೆಯನ್ನು ಬಿಡಿ. 2024ರಲ್ಲಿ ಅಲ್ಲಿನ ದೂರದ ರೈಲುಗಳಲ್ಲಿ ಹತ್ತಕ್ಕೆ ಸುಮಾರು ನಾಲ್ಕು ತಡವಾಗಿ ಬಂದವು. ಆ ಕೀರ್ತಿಗೆ ತಕ್ಕವರು ಗಡಿಯಾಚೆಯ ಸ್ವಿಸ್ಸರು.

ಸ್ಟುಟ್‌ಗಾರ್ಟಿನಿಂದ ಪ್ರಾದೇಶಿಕ ರೈಲಿನಲ್ಲಿ ನೆಕಾರ್ ನದಿಯ ಜಾಡು ಹಿಡಿದು ಮೇಲೆ ಹೋದರೆ ಮೊದಲು ಎಸ್ಲಿಂಗೆನ್. ಮೋಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಈ ಊರಿನಲ್ಲಿ. ಸುಮಾರು ಒಂದು ಗಂಟೆಯ ಪ್ರಯಾಣದ ಕೊನೆಗೆ ಟ್ಯೂಬಿಂಗೆನ್. ಚಿಕ್ಕ ಊರು, ವಿಶ್ವವಿದ್ಯಾನಿಲಯ 1477ರದು. ನದಿಯ ದಂಡೆಯಲ್ಲಿ ಹಳದಿ ಬಣ್ಣದ ಗೋಪುರದಂಥ ಮನೆಯೊಂದಿದೆ. ಅದರಲ್ಲಿ ಹೋಲ್ಡರ್‌ಲಿನ್ ಎಂಬ ಮಹಾಕವಿ ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡು ಬಡಗಿಯೊಬ್ಬನ ಕುಟುಂಬದ ಆಶ್ರಯದಲ್ಲಿ 36 ವರ್ಷ ಇದ್ದು, 1843ರ ಜೂನ್ 7ರಂದು ತೀರಿಕೊಂಡ. ಪ್ರವಾಸಿಗಳೆಲ್ಲ ಅದನ್ನು ನೋಡುತ್ತಾರೆ. ನೀವು ನೋಡುವಾಗ ಇನ್ನೊಂದು ದಿನಾಂಕವನ್ನೂ ನೆನೆಯಿರಿ. ಅದೇ ವರ್ಷ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಹೊರಬಂತು. ಅದನ್ನು ಕಲ್ಲಚ್ಚಿನಲ್ಲಿ ಹೊರತಂದ ಮೋಗ್ಲಿಂಗ್ ಓದಿದ್ದು ಇದೇ ಟ್ಯೂಬಿಂಗೆನ್ನಿನಲ್ಲಿ. ಕವಿ ಆ ಗೋಪುರದಲ್ಲಿ ಇನ್ನೂ ಬದುಕಿದ್ದ ಕಾಲದಲ್ಲಿ.

ಹಾಗೆಯೇ ಫರ್ಡಿನಂಡ್ ಕಿಟೆಲ್. 1832ರಲ್ಲಿ ಜರ್ಮನಿಯ ಉತ್ತರ ಕರಾವಳಿಯ ಸೀಮೆಯಲ್ಲಿ ಹುಟ್ಟಿ, 1853ರಲ್ಲಿ ನಮ್ಮ ನಾಡಿಗೆ ಬಂದು, ಕನ್ನಡ-ಇಂಗ್ಲಿಷ್ ನಿಘಂಟನ್ನು ಕಟ್ಟಿದವರು. ಸುಮಾರು 70,000 ಶಬ್ದಗಳ ಆ ಗ್ರಂಥ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಆ ಹೊತ್ತಿಗೆ ಕಿಟೆಲ್ ಟ್ಯೂಬಿಂಗೆನ್ ಸೇರಿದ್ದರು. ಅಲ್ಲಿನ ವಿಶ್ವವಿದ್ಯಾನಿಲಯ 1896ರಲ್ಲಿ ಅವರಿಗೆ ಡಾಕ್ಟರೇಟ್ ನೀಡಿತು. ಅವರ ಕನ್ನಡ ವ್ಯಾಕರಣ 1903ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಅದೇ ಊರಿನಲ್ಲಿ ಕಣ್ಣುಮುಚ್ಚಿದರು. ನಿಘಂಟಿನಲ್ಲಿ 'ಹೊಳೆ' ಎಂಬ ಪದವನ್ನು ನೀವು ತೆರೆದು ನೋಡುವಾಗ, ಅದರ ಹಿಂದೆ ಒಬ್ಬ ಮನುಷ್ಯ ಮಾತ್ರವಲ್ಲ, ಅವರಿಗೆ ಶಬ್ದ ಹೇಳಿಕೊಟ್ಟ ಹೆಸರಿಲ್ಲದ ಅನೇಕ ಕನ್ನಡಿಗ ಪಂಡಿತರೂ ಹಳ್ಳಿಗರೂ ಇದ್ದರೆಂಬುದನ್ನು ಮರೆಯಬಾರದು. ಮಿಷನರಿಗಳ ಕೆಲಸವನ್ನು ಹೊಗಳುವಾಗ ನಾವು ಸಾಮಾನ್ಯವಾಗಿ ಇದನ್ನು ಬಿಟ್ಟುಬಿಡುತ್ತೇವೆ. ಅಂದಹಾಗೆ, ಟ್ಯೂಬಿಂಗೆನ್ನಿನಲ್ಲಿ ಉದ್ದನೆಯ ಮರದ ದೋಣಿಗಳನ್ನು ಗಳ ಊರಿ ನಡೆಸುತ್ತಾರೆ. ತಳ ಮುಟ್ಟುವ ನೀರಿನಲ್ಲಿ ದೋಣಿ ಸಾಗಿಸುವ ಆ ಬಗೆ ನಮ್ಮವರಿಗೆ ಹೊಸದೇನಲ್ಲ.

ಬಾಸೆಲಿಗೆ ಕಾರ್ಲ್ಸ್‌ರೂಹೆ ಮಾರ್ಗವಾಗಿ ರೈಲಿದೆ. ಎಡಗಡೆ ಕಪ್ಪು ಕಾಡಿನ ಬೆಟ್ಟಸಾಲು ಜೊತೆಗೇ ಬರುತ್ತದೆ. ಬಾಸೆಲಿನಲ್ಲಿ ಒಂದು ಸೋಜಿಗವಿದೆ: ಬಾಡೆನ್ ನಿಲ್ದಾಣವೆಂಬ ರೈಲು ನಿಲ್ದಾಣ ಸ್ವಿಸ್ ನೆಲದಲ್ಲಿದೆ, ಆದರೆ ಅದು ಜರ್ಮನ್ ರೈಲ್ವೆಗೆ ಸೇರಿದ್ದು. ಜರ್ಮನಿಯ ಪ್ರವಾಸಿ ವೀಸಾ ಇದ್ದರೆ ಸಾಕು, 2008ರಿಂದ ಸ್ವಿಟ್ಜರ್ಲೆಂಡಿಗೂ ಅದೇ ನಡೆಯುತ್ತದೆ. ಹಣ ಮಾತ್ರ ಯೂರೋ ಅಲ್ಲ, ಫ್ರಾಂಕ್. ಬಾಸೆಲ್ ಮಿಷನ್ನಿನ ದೊಡ್ಡ ಕಟ್ಟಡ ಈಗಲೂ ಇದೆ. ಅದು 1860ರದು, ಕೌಂಡಿನ್ಯರು ಓದಿದ್ದು ಅದರಲ್ಲಲ್ಲ. ಮಿಷನ್ನಿನ ದಾಖಲೆಗಳ ಭಂಡಾರದಲ್ಲಿ ಮಂಗಳೂರು, ಧಾರವಾಡ, ಕೊಡಗುಗಳ ಹಳೆಯ ಛಾಯಾಚಿತ್ರಗಳು ರಾಶಿಯಾಗಿವೆ. ನಮ್ಮ ಅಜ್ಜನ ಅಜ್ಜನ ಕಾಲದ ಸಂತೆ, ಶಾಲೆ, ಮಗ್ಗಗಳನ್ನು ನೋಡಲು ರೈನ್ ದಂಡೆಯವರೆಗೆ ಹೋಗಬೇಕಾಗಿರುವುದು ವಿಚಿತ್ರವೇ ಸರಿ. ಬೈರಮಂಗಲದ ಹಳೆಯ ಮನೆಗಳ ಮೇಲೆ ಮಂಗಳೂರು ಹೆಂಚು ಕಂಡರೆ ಅದರ ಮೂಲವೂ ಇಲ್ಲೇ: 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಮೊದಲ ಹೆಂಚಿನ ಕಾರ್ಖಾನೆ ತೆರೆದವರು ಬಾಸೆಲ್ ಮಿಷನ್ನಿನವರು.

ಬಾಸೆಲಿನಲ್ಲಿ ನದಿ ದಾಟಲು ಸೇತುವೆಗಳಿವೆ. ಆದರೂ ನಾಲ್ಕು ಕಡೆ ದೋಣಿಗಳು ಓಡಾಡುತ್ತವೆ. ಅವುಗಳಿಗೆ ಯಂತ್ರವಿಲ್ಲ, ಹುಟ್ಟಿಲ್ಲ. ನದಿಗೆ ಅಡ್ಡಲಾಗಿ ಎಳೆದ ಉಕ್ಕಿನ ಹಗ್ಗಕ್ಕೆ ದೋಣಿಯನ್ನು ಕಟ್ಟಿರುತ್ತಾರೆ. ಅಂಬಿಗ ದೋಣಿಯನ್ನು ಪ್ರವಾಹಕ್ಕೆ ಓರೆಯಾಗಿ ನಿಲ್ಲಿಸಿದರೆ, ನೀರಿನ ಒತ್ತಡವೇ ಅದನ್ನು ಆಚೆ ದಡಕ್ಕೆ ತಳ್ಳುತ್ತದೆ. ಮರಳುವಾಗ ಓರೆಯನ್ನು ಬದಲಿಸಿದರಾಯಿತು. ಭೌತಶಾಸ್ತ್ರ ಓದುವವರು ಬಲಗಳ ವಿಭಜನೆಯ ಪಾಠವನ್ನು ಇಲ್ಲಿ ಕಣ್ಣಾರೆ ನೋಡಬಹುದು. ಇವು ಶುರುವಾದದ್ದು 1854ರಲ್ಲಿ. ಕೌಂಡಿನ್ಯರು ಹಿಂದಿರುಗಿ ಮೂರು ವರ್ಷವಾಗಿತ್ತು.

ಬೇಸಿಗೆಯಲ್ಲಿ ಹೋದರೆ ಇನ್ನೊಂದು ನೋಟ ಸಿಗುತ್ತದೆ. ಕಚೇರಿ ಮುಗಿಸಿದ ಜನ ಬಟ್ಟೆಬರೆಯನ್ನು ಮೀನಿನ ಆಕಾರದ, ನೀರು ಹೋಗದ ಚೀಲದಲ್ಲಿ ತುಂಬಿ, ಅದನ್ನು ತಬ್ಬಿಕೊಂಡು ನದಿಗಿಳಿದು, ಊರಿನ ಮಧ್ಯದಲ್ಲಿ ತೇಲುತ್ತಾ ಹೋಗುತ್ತಾರೆ. ಇದನ್ನು ನೋಡಿ ಬೈರಮಂಗಲದವರು ಸುಮ್ಮನೆ ಮುಂದೆ ಹೋಗಲಾರರು.

ಯಾಕೆಂದು ನಿಮಗೆ ಗೊತ್ತು. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟುತ್ತದೆಂದು ಜನ ನಂಬಿದ ವೃಷಭಾವತಿ, ಕೆಂಗೇರಿ ದಾಟಿ ಬೈರಮಂಗಲದ ಜಲಾಶಯಕ್ಕೆ ಬರುತ್ತದೆ. 1940ರ ದಶಕದಲ್ಲಿ ಆ ಜಲಾಶಯ ಕಟ್ಟಿದ್ದು ಹೊಲಗದ್ದೆಗಳಿಗೆ ನೀರುಣಿಸಲು. ಬೆಂಗಳೂರು ಬೆಳೆದಂತೆ ಅದರ ಕೊಳಚೆಯೂ ಕಾರ್ಖಾನೆಗಳ ತ್ಯಾಜ್ಯವೂ ಇದೇ ಹೊಳೆಗೆ ಬಿದ್ದವು. ನೊರೆ ಎದ್ದಿತು, ಬಾವಿಗಳ ನೀರು ಕೆಟ್ಟಿತು. ರೈತರು ಆ ನೀರಿನಲ್ಲೇ ಹುಲ್ಲು, ಜೋಳ, ಹಿಪ್ಪುನೇರಳೆ ಬೆಳೆಯುತ್ತಾ ಬಂದಿದ್ದಾರೆ. ಇಲ್ಲಿಂದ ಹೊರಟ ನೀರು ಅರ್ಕಾವತಿಗೆ, ಅಲ್ಲಿಂದ ಸಂಗಮದಲ್ಲಿ ಕಾವೇರಿಗೆ.

ರೈನ್ ನದಿಯ ಸ್ಥಿತಿಯೂ ಒಂದು ಕಾಲಕ್ಕೆ ಹೀಗೆಯೇ ಇತ್ತು. 1960-70ರ ದಶಕಗಳಲ್ಲಿ ಅದನ್ನು ಯೂರೋಪಿನ ಚರಂಡಿ ಎಂದೇ ಕರೆಯುತ್ತಿದ್ದರು. 1986ರ ನವೆಂಬರ್ 1ರ ನಸುಕಿನಲ್ಲಿ ಬಾಸೆಲಿನ ಪಕ್ಕದ ಶ್ವೈಟ್ಸರ್‌ಹಾಲೆಯಲ್ಲಿ ಸ್ಯಾಂಡೋಜ್ ಕಂಪನಿಯ ಗೋದಾಮಿಗೆ ಬೆಂಕಿ ಬಿತ್ತು. ಆರಿಸಲು ಸುರಿದ ನೀರು ಟನ್ನುಗಟ್ಟಲೆ ಕೀಟನಾಶಕವನ್ನು ತೊಳೆದುಕೊಂಡು ನದಿಗೆ ಹೋಯಿತು. ನೀರು ಕೆಂಪಾಯಿತು. ಕೆಳಗೆ ನೂರಾರು ಕಿಲೋಮೀಟರು ಹಾವುಮೀನುಗಳು ಸತ್ತು ತೇಲಿದವು. ನದಿಯ ನೀರು ಕುಡಿಯುವ ಊರುಗಳು ತಮ್ಮ ಕೊಳವೆಗಳನ್ನು ಮುಚ್ಚಬೇಕಾಯಿತು. ಮರುವರ್ಷ ದಂಡೆಯ ದೇಶಗಳು ಕೂಡಿ ಒಂದು ಕಾರ್ಯಕ್ರಮ ಒಪ್ಪಿಕೊಂಡವು. ಅದರ ಗುರಿಯನ್ನು ಸಾಮಾನ್ಯ ಜನರಿಗೂ ತಿಳಿಯುವಂತೆ ಇಟ್ಟದ್ದು ಜಾಣತನ: 2000ದ ಹೊತ್ತಿಗೆ ಸಾಲ್ಮನ್ ಮೀನು ನದಿಗೆ ಮರಳಬೇಕು. 1990ರಲ್ಲೇ ರೈನ್‌ನ ಒಂದು ಉಪನದಿಯಲ್ಲಿ ಅದು ಮತ್ತೆ ಕಾಣಿಸಿತು. ಆದರೆ ಅಣೆಕಟ್ಟುಗಳು ಅಡ್ಡ ಇರುವುದರಿಂದ ಸಮುದ್ರದಿಂದ ಬಾಸೆಲಿನವರೆಗೆ ಮೀನಿಗೆ ಸಲೀಸಾದ ದಾರಿ ಮಾಡಿಕೊಡುವ ಕೆಲಸ ಪೂರ್ತಿ ಮುಗಿದಿಲ್ಲ.

ಈ ಕೆಲಸದ ಬೇರು 1986ಕ್ಕಿಂತ ಹಿಂದಿನದು. 1950ರಲ್ಲಿ, ಯುದ್ಧ ಮುಗಿದು ಐದೇ ವರ್ಷವಾಗಿದ್ದಾಗ, ಸ್ವಿಟ್ಜರ್ಲೆಂಡ್, ಜರ್ಮನಿ, ಫ್ರಾನ್ಸ್, ಲಕ್ಸೆಂಬರ್ಗ್, ನೆದರ್ಲೆಂಡ್ಸ್ ಸೇರಿ ರೈನ್ ರಕ್ಷಣೆಗೆ ಒಂದು ಆಯೋಗ ಮಾಡಿಕೊಂಡಿದ್ದವು. ಮೇಲಿನವರು ಬಿಟ್ಟ ಹೊಲಸನ್ನೆಲ್ಲ ಕುಡಿಯಬೇಕಾಗಿದ್ದ ನೆದರ್ಲೆಂಡ್ಸ್, ಅಂದರೆ ನದಿಯ ಕೊನೆಯಲ್ಲಿದ್ದ ದೇಶ, ಪಟ್ಟು ಹಿಡಿದು ಕೇಳಿದ್ದರಿಂದಲೇ ಅದು ಆದದ್ದು. ಬೈರಮಂಗಲ ಬೆಂಗಳೂರಿಗೆ ಯಾವ ದಿಕ್ಕಿನಲ್ಲಿದೆ ಎಂಬುದನ್ನು ನೀವೇ ನಕ್ಷೆಯಲ್ಲಿ ನೋಡಿಕೊಳ್ಳಬಹುದು. ಆ ಆಯೋಗದ ಕಚೇರಿ ಕೋಬ್ಲೆನ್ಜ್ ಊರಿನಲ್ಲಿದೆ. ಅಲ್ಲಿ ಮೋಸೆಲ್ ನದಿ ರೈನ್ ಸೇರುವ ಮೂಲೆಯಲ್ಲಿ ಕುದುರೆಯೇರಿದ ಚಕ್ರವರ್ತಿಯ ದೊಡ್ಡ ಪ್ರತಿಮೆ ಇದ್ದು, ಪ್ರವಾಸಿಗಳು ಅದರ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಆಯೋಗದ ಕಚೇರಿ ಇರುವುದು ಅದೇ ರೈನ್ ದಂಡೆಯ ಸಾಲುಮರದ ರಸ್ತೆಯಲ್ಲಿ.